ಆಯ್ತಕ್ಕನ ಸರದಿ

ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ನರ್ಸುಗಳೆಲ್ಲ ಸೇರಿ ಇಟ್ಟ ಹೆಸರು ಇಸ್ತ್ರಿಪೆಟ್ಟಿಗೆ. ಯಾರಿಟ್ಟರೋ, ಚೆನ್ನಾಗಿ ನೋಡಿಯೇ ಇಟ್ಟಿದ್ದರು. ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೂ ಆಕೆಗೆ ಆಗದು; ಹತ್ತಿರ ಹೋದವರಿಗೆ ಬಿಸಿ ತಾಗದೆ ಇರದು. ಎದುರಿಗೆ ಮಾತ್ರ ಎಲ್ಲರೂ "ದೊಡ್ಡ ಸಿಸ್ಟರ್" ಅನ್ನುತ್ತಿದ್ದರು. ಬೆನ್ನ ಹಿಂದಿನ ಹೆಸರೂ ಅವರ ಕಿವಿಗೆ ಬಿದ್ದಿತ್ತು. ಬಿದ್ದರೂ ಬೀಳದ ಹಾಗೆ ಇದ್ದುಬಿಟ್ಟಿದ್ದರು.

ಅವರ ಕಾನೂನು ಒಂದೇ. "ನಾನು ಬೈದಿಲ್ಲ ಅಂದ್ರೆ ಕೆಲಸ ಚೆನ್ನಾಗಿದೆ ಅಂತಾನೇ ಅರ್ಥ. ಬಾಯಿ ಬಿಟ್ಟು ಬೇರೆ ಹೇಳ್ಬೇಕಾ?" ಅವರನ್ನು ತಿದ್ದಿ ಬೆಳೆಸಿದವರೂ ಹಾಗೇ ಇದ್ದರು. ಹೊಗಳಿದರೆ ಕೈ ಸಡಿಲವಾಗುತ್ತದೆ, ಕೈ ಸಡಿಲವಾದರೆ ರೋಗಿಯ ಜೀವಕ್ಕೆ ಸಂಚಕಾರ ಅಂತ ಅವರು ಮನಸಾರೆ ನಂಬಿದ್ದರು.

ಆ ವರ್ಷ ಆಸ್ಪತ್ರೆಯಲ್ಲಿ ನರ್ಸುಗಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಾ ಬಂದರು. ಒಬ್ಬಳು ಬೇರೆ ಆಸ್ಪತ್ರೆಗೆ ಹೋದಳು. ಇನ್ನೊಬ್ಬಳು ಈ ಸಹವಾಸವೇ ಬೇಡ ಅಂತ ಮನೆಯಲ್ಲಿ ಕೂತಳು. ಮತ್ತೊಬ್ಬಳಂತೂ ಮಧ್ಯಾಹ್ನ ಊಟಕ್ಕೆ ಹೋದವಳು ವಾಪಸು ಬರಲೇ ಇಲ್ಲ. ಅವಳ ನೀರಿನ ಬಾಟಲಿ ವಾರಗಟ್ಟಲೆ ಮೇಜಿನ ಮೇಲೇ ಇತ್ತು. ಆಗ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಎಲ್ಲ ವಾರ್ಡಿನ ಇನ್‌ಚಾರ್ಜ್‌ಗಳನ್ನೂ ಕರೆದು ಕೂರಿಸಿಕೊಂಡರು.

"ಹೊಸ ನರ್ಸ್‌ಗಳು ಸದ್ಯಕ್ಕೆ ಬರಲ್ಲ. ಇರೋರನ್ನ ಉಳಿಸಿಕೊಳ್ಳಬೇಕು. ನೀವು ದಿನಾ ಬೆಳಗ್ಗೆ ನಿಮ್ಮ ಹುಡುಗೀರಿಗೆ ಫೋನಲ್ಲಿ ಒಂದು ಮೆಸೇಜ್ ಹಾಕಿ. ಧೈರ್ಯ ತುಂಬೋ ಹಾಗೆ, ಮನಸ್ಸಿಗೆ ಹಿತ ಆಗೋ ಹಾಗೆ."

"ಮೆಸೇಜ್ ಹಾಕಿದ್ರೆ ಕಾಲುನೋವು ಹೋಗುತ್ತಾ ಮೇಡಂ?" ಅಂದರು ದೊಡ್ಡ ಸಿಸ್ಟರ್.

ಉಳಿದವರು ನಕ್ಕರು. ಮೇಡಂ ನಗಲಿಲ್ಲ. "ನಿಮ್ಮ ವಾರ್ಡಿಂದಾನೇ ಜಾಸ್ತಿ ಜನ ಬಿಟ್ಟಿರೋದು," ಅಂದರು ಮೆಲ್ಲಗೆ. ದೊಡ್ಡ ಸಿಸ್ಟರಿಗೆ ಅದು ಮುಖಕ್ಕೆ ಹೊಡೆದ ಹಾಗಾಯಿತು.

ಮಾರನೇ ಬೆಳಗ್ಗೆ ಯಾರೋ ಕಳಿಸಿದ್ದ ಹೂವಿನ ಚಿತ್ರವೊಂದನ್ನು ಹುಡುಕಿ ಎಲ್ಲರಿಗೂ ಕಳಿಸಿದರು. ಅದರ ಕೆಳಗೆ "ನಗು ಒಂದು ಔಷಧ" ಅಂತ ಬರೆದಿತ್ತು. ಅದರ ಬೆನ್ನಿಗೇ ತಮ್ಮದೊಂದು ಸಾಲು ಸೇರಿಸಿದರು: "ಎಲ್ಲರೂ ಕೈ ಸರಿಯಾಗಿ ತೊಳೆಯಿರಿ." ಕೆಲಸ ಮುಗಿಯಿತು ಅಂದುಕೊಂಡು ವಾರ್ಡಿಗೆ ಬಂದರೆ, ಔಷಧಿ ಕೋಣೆಯಿಂದ ಕಿಸಿಕಿಸಿ ನಗು ಕೇಳಿಸಿತು.

"ಇಸ್ತ್ರಿಪೆಟ್ಟಿಗೆಯಿಂದ ತಂಗಾಳಿ ಬಂತು ಕಣ್ರೇ!"

"ಯಾರೋ ಪ್ಲಗ್ ಕಿತ್ತಿರಬೇಕು."

ದೊಡ್ಡ ಸಿಸ್ಟರ್ ಬಾಗಿಲ ಹೊರಗೇ ನಿಂತರು. ಒಳಗೆ ಹೋಗಿ ಬೈಯಬಹುದಿತ್ತು. ಯಾಕೋ ಕಾಲು ಮುಂದೆ ಬರಲಿಲ್ಲ. ಆವತ್ತು ಮನೆಗೆ ಹೋಗಿ ಅತ್ತಿಗೆಯ ಹತ್ತಿರ ಹೇಳಿಕೊಂಡರು. ಮದುವೆಯಾಗದ ಅವರಿಗೆ, ಅಣ್ಣ ತೀರಿಕೊಂಡ ಮೇಲೆ, ಮನೆ ಅಂದರೆ ಅತ್ತಿಗೆಯೇ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲ ಕಣೇ, ಇಷ್ಟು ವರ್ಷ ನನ್ನ ಕೈ ಅಡುಗೆ ತಿಂದೆಯಲ್ಲ, ಒಂದಿನ ಆದ್ರೂ ಚೆನ್ನಾಗಿದೆ ಅಂದಿದೀಯಾ? ಉಪ್ಪು ಕಡಿಮೆ ಆದ ದಿನ ಮಾತ್ರ ಬಾಯಿ ಬಿಡ್ತೀಯ. ನಿಂಗೆ ಇಂಥ ಕೆಲಸ ಕೊಟ್ಟೋರನ್ನ ಮೊದಲು ಬೈಬೇಕು."

ತಮಾಷೆಯ ಮಾತೇ. ಆದರೂ ಅದು ದೊಡ್ಡ ಸಿಸ್ಟರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಯಾವ ಕೆಲಸವನ್ನೂ ಕಾಟಾಚಾರಕ್ಕೆ ಮಾಡಿದವರಲ್ಲ ಅವರು. ಮಾಡುವುದಾದರೆ ನೆಟ್ಟಗೆ ಮಾಡಬೇಕು. ಎಲ್ಲರಿಗೂ ಒಂದೇ ಹೂವು ಹಂಚುವುದು ಬೇಡ. ದಿನಕ್ಕೊಬ್ಬಳಿಗೆ, ಅವಳು ಮಾಡಿದ್ದರಲ್ಲಿ ತಾನು ಕಣ್ಣಾರೆ ಕಂಡ ಯಾವುದಾದರೂ ಒಂದನ್ನು, ಅವಳಿಗೊಬ್ಬಳಿಗೇ ಬರೆಯಬೇಕು ಅಂತ ನಿಶ್ಚಯ ಮಾಡಿದರು.

ಮೊದಲ ಸರದಿ ಪುಟ್ಟಿಯದು. ವಾರ್ಡಿಗೆಲ್ಲ ಕಿರಿಯವಳು, ಕೆಲಸಕ್ಕೆ ಸೇರಿ ಇನ್ನೂ ಪಳಗದವಳು. ಯಾರಾದರೂ ಗದರಿದರೆ ಬಟ್ಟೆ ಕೋಣೆಗೆ ಹೋಗಿ ದಿಂಬುಗಳ ಮಧ್ಯೆ ಮುಖ ಹುದುಗಿಸಿ ಅಳುವವಳು. ಹಿಂದಿನ ದಿನ ಒಬ್ಬ ಮುದುಕರಿಗೆ ಸೂಜಿ ಹಾಕಲು ಹೋಗಿ ನರ ಸಿಗದೆ ಒದ್ದಾಡಿದ್ದಳು. ದೊಡ್ಡ ಸಿಸ್ಟರ್ ಬರೆದರು: "ನಿನ್ನೆ ನರ ಸಿಗದಿದ್ದಾಗ ನೀನು ಆ ಅಜ್ಜನ ಹತ್ತಿರ ತಪ್ಪಾಯ್ತು ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರನ್ನು ನಾನು ನೋಡಿದ್ದು ಕಡಿಮೆ. ಕೈ ಪಳಗುತ್ತದೆ. ಮನಸ್ಸು ಹೀಗೇ ಇರಲಿ."

ಪುಟ್ಟಿ ಆವತ್ತು ಕೆಂಪು ಕಣ್ಣು ಮಾಡಿಕೊಂಡು ಬಂದಳು. ದೊಡ್ಡ ಸಿಸ್ಟರ ಮೇಜಿನ ಹತ್ತಿರ ಸುಮ್ಮನೆ ಒಂದು ಗಳಿಗೆ ನಿಂತು, ಹೋಗಿ ಕೆಲಸಕ್ಕೆ ಕೈ ಹಾಕಿದಳು. ಬಟ್ಟೆ ಕೋಣೆಯ ಕಡೆ ಆ ದಿನ ಸುಳಿಯಲಿಲ್ಲ.

ಹೀಗೆ ಒಬ್ಬೊಬ್ಬರಿಗೂ ಬಂತು. ಎರಡು ಮಕ್ಕಳ ತಾಯಿಯೊಬ್ಬಳಿಗೆ, ಒರಟು ಬಾಯಿಯ ಇನ್ನೊಬ್ಬಳಿಗೆ, ಸದಾ ತಡವಾಗಿ ಬರುವ ಮತ್ತೊಬ್ಬಳಿಗೂ. "ನಂಗೆ ಬಂತು ಕಣೇ, ನಿಂಗೆ ಬಂತಾ?" ಅನ್ನುವುದು ಬೆಳಗಿನ ಮಾತಾಯಿತು. ನಗುತ್ತಿದ್ದವರೇ ತಮಗೆ ಬಂದದ್ದನ್ನು ಮನೆಯವರಿಗೆ ಓದಿ ಹೇಳಿದರು. ವಿಚಿತ್ರವೆಂದರೆ ದೊಡ್ಡ ಸಿಸ್ಟರ ಕಣ್ಣೂ ಬದಲಾಯಿತು. ಮೊದಲು ಹಾಸಿಗೆಯ ಸುಕ್ಕು ಹುಡುಕುತ್ತಿದ್ದ ಕಣ್ಣು ಈಗ ಹಾಸುವ ಕೈಯನ್ನೂ ನೋಡತೊಡಗಿತು. ಆ ತಿಂಗಳು ಆ ವಾರ್ಡಿನಿಂದ ಯಾರೂ ಕೆಲಸ ಬಿಡಲಿಲ್ಲ.

ಉಳಿದವಳು ಒಬ್ಬಳೇ. ಆಯ್ತಕ್ಕ.

ಅವಳಿಗೆ ಆ ಹೆಸರು ಬಂದದ್ದು ಅವಳ ಬಾಯಿಂದಲೇ. ಏನು ಹೇಳಿದರೂ "ಆಯ್ತಕ್ಕ" ಅನ್ನುವಳು. ನಾಳೆ ನನ್ನ ಡ್ಯೂಟಿ ಮಾಡ್ತೀಯಾ ಅಂದರೆ, ಆಯ್ತಕ್ಕ. ಆ ಸಿಡುಕು ಮುದುಕಿಗೆ ನೀನೇ ಸ್ನಾನ ಮಾಡಿಸು ಅಂದರೆ, ಆಯ್ತಕ್ಕ. ಅವಳಿಗಿಂತ ಎಷ್ಟೋ ಚಿಕ್ಕವಳಾದ ಪುಟ್ಟಿ ಕೇಳಿದಾಗಲೂ ಬಾಯಿತಪ್ಪಿ ಆಯ್ತಕ್ಕ ಅಂದು, ಆಮೇಲೆ ತಾನೇ ನಕ್ಕುಬಿಡುತ್ತಿದ್ದಳು. ದೊಡ್ಡ ಸಿಸ್ಟರ್ ಡ್ಯೂಟಿ ಹಂಚುವಾಗ ಎಲ್ಲಿ ಜಾಗ ಖಾಲಿ ಬಿದ್ದರೂ ಕೈ ತಾನಾಗಿ ಅವಳ ಹೆಸರಿನ ಕಡೆ ಹೋಗುತ್ತಿತ್ತು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಹಿರಿಸೊಸೆಯ ಹಾಗೆ ಅವಳು ಆ ವಾರ್ಡಿಗೆ.

ಅವಳನ್ನು ಮರೆತು ಬಿಟ್ಟಿದ್ದಲ್ಲ. ದೊಡ್ಡ ಸಿಸ್ಟರ್ ದಿನಾ ಬರೆಯಲು ಕೂರುತ್ತಿದ್ದರು. ಬರೆದದ್ದೆಲ್ಲ ಸಣ್ಣದಾಗಿ ಕಾಣುತ್ತಿತ್ತು. ರೋಗಿಯನ್ನು ಮುಟ್ಟುವ ಮೊದಲು ಎರಡು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ ಅಂತ ಬರೆದರು, ಅಳಿಸಿದರು. ಪುಟ್ಟಿ ಮೊದಲ ಸಲ ಹೆಣ ತೊಳೆಯಬೇಕಾಗಿ ಬಂದು ನಡುಗುತ್ತಿದ್ದಾಗ ಇವಳು ಜೊತೆಗೆ ನಿಂತು, "ಅಮ್ಮಾ, ಈಗ ಈ ಕಡೆ ತಿರುಗಿಸ್ತೀವಿ, ಆಯ್ತಾ?" ಅಂತ ಸತ್ತವರ ಹತ್ತಿರ ಬದುಕಿದವರ ಹತ್ತಿರ ಆಡಿದ ಹಾಗೆ ಮಾತಾಡಿದ್ದಳು. ಅದನ್ನೂ ಬರೆದರು. ಅದೂ ಸಾಲದು ಅನ್ನಿಸಿತು. ಇಷ್ಟು ವರ್ಷ ತನ್ನ ಬಲಗೈಯಾಗಿ ನಿಂತವಳಿಗೆ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುವುದೇ? ಸರಿಯಾಗಿ ಬರೆಯೋಣ, ನಾಳೆ ಬರೆಯೋಣ. ಹೇಗೂ ಅವಳೇನು ಬಿಟ್ಟುಹೋಗುವವಳಲ್ಲ. ನಾಳೆ ಅಂದವರ ಮನೆ ಹಾಳು ಅಂತ ಊರಿಗೆಲ್ಲ ಹೇಳುತ್ತಿದ್ದವರು ತಮ್ಮ ವಿಷಯಕ್ಕೆ ಬಂದಾಗ ಆ ಮಾತು ಮರೆತರು. ಉಳಿದವರ ಸರದಿ ಎರಡನೇ ಸುತ್ತಿಗೂ ಬಂತು.

ಒಂದು ಮಧ್ಯಾಹ್ನ ಆಯ್ತಕ್ಕ ಮೇಜಿನ ಹತ್ತಿರ ಬಂದು ನಿಂತಳು. ಹಣೆಯ ಒಂದು ಬದಿಯನ್ನು ಬೆರಳಿಂದ ಒತ್ತಿಕೊಳ್ಳುತ್ತಿದ್ದಳು.

"ಅಕ್ಕಾ, ನನ್ನಿಂದ ಏನಾದ್ರೂ ತಪ್ಪಾಗಿದೆಯಾ?"

"ಯಾಕೆ? ಏನಾಯ್ತು?"

"ಏನಿಲ್ಲ. ಸುಮ್ನೆ ಕೇಳ್ದೆ."

ದೊಡ್ಡ ಸಿಸ್ಟರ್ ಫೋನಿನಲ್ಲಿ ಯಾರನ್ನೋ ಕಾಯುತ್ತಿದ್ದರು. ಇನ್ನೊಂದು ಕೈಯಲ್ಲಿ ರೋಗಿಯೊಬ್ಬರ ಕಾಗದ. "ತಪ್ಪಾಗಿದ್ರೆ ನಾನು ಸುಮ್ನಿರ್ತಿದ್ನಾ? ಹೋಗು, ಆ ಕೊನೇ ಬೆಡ್ಡಿನ ಡ್ರಿಪ್ ಮುಗೀತಾ ಬಂತು. ಹಾ, ನಾಳೆ ಎರಡನೇ ಶಿಫ್ಟಿಗೂ ಒಬ್ಬಳು ಇಲ್ಲ. ನಿನ್ನ ಶಿಫ್ಟ್ ಮುಗಿಸಿ ಅದಕ್ಕೂ ನೀನೇ ನಿಂತ್ಕೊಳ್ತೀಯಾ?"

ಆಯ್ತಕ್ಕ ಹಣೆಯಿಂದ ಬೆರಳು ತೆಗೆದಳು. "ಆಯ್ತಕ್ಕ," ಅಂದಳು.

ಮರುದಿನ ಎರಡನೇ ಶಿಫ್ಟ್ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಆಯ್ತಕ್ಕನೂ ಪುಟ್ಟಿಯೂ ಕಿಟಕಿ ಪಕ್ಕದ ಹಾಸಿಗೆಗೆ ಹೊಸ ಹೊದಿಕೆ ಹಾಸುತ್ತಿದ್ದರು. ಆಯ್ತಕ್ಕ ಒಂದೇ ಮೂಲೆಯನ್ನು ಮತ್ತೆ ಮತ್ತೆ ಎಳೆಯುತ್ತಿದ್ದಳು. "ಆ ಚಮಚ ಈ ಕಡೆ ಎಳಿ," ಅಂದಳು. ಪುಟ್ಟಿ ತಮಾಷೆ ಅಂದುಕೊಂಡು ನಕ್ಕಳು. "ಚಮಚ… ಚಮಚ…" ಅಂತ ಆಯ್ತಕ್ಕ ಗಾಬರಿಯಿಂದ ಪುಟ್ಟಿಯ ಮುಖ ನೋಡಿದಳು. ಬಾಯಿಯ ಒಂದು ಬದಿ ಜಾರಿತ್ತು. ಪುಟ್ಟಿ ಕಿರುಚಿದ್ದು ಕೇಳಿ ದೊಡ್ಡ ಸಿಸ್ಟರ್ ಓಡಿ ಬರುವಷ್ಟರಲ್ಲಿ ಆಯ್ತಕ್ಕ ಬಲಗಾಲು ಮಡಚಿಕೊಂಡು ಕುಸಿದಿದ್ದಳು. ಬೇರೆ ಯಾರಿಗೋ ಅಂತ ಅರ್ಧ ಹಾಸಿದ್ದ ಹಾಸಿಗೆಯ ಮೇಲೇ ಅವಳನ್ನು ಎತ್ತಿ ಮಲಗಿಸಿದರು.

ಬಿಪಿ ನೋಡಿದ ಡಾಕ್ಟರ್ ಇನ್ನೊಮ್ಮೆ ನೋಡಿದರು. "ಇಷ್ಟು ಬಿಪಿ ಇವತ್ತು ನಿನ್ನೆಯದಲ್ಲ. ಕೊನೇ ಸಲ ಯಾವಾಗ ನೋಡಿದ್ರಿ?"

ಬೆಳಗಾದರೆ ವಾರ್ಡಿನ ಎಲ್ಲರ ತೋಳಿಗೂ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದವಳು ಅವಳೇ. ಅವಳ ತೋಳಿಗೆ ಪಟ್ಟಿ ಸುತ್ತಿದವರು ಯಾರೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಜೀವ ಉಳಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಎಚ್ಚರವಾದ ಮೇಲೆ ಅವಳು ಎಲ್ಲರ ಮುಖವನ್ನೂ ಗುರುತು ಹಿಡಿದಳು, ಗಂಡನನ್ನು ಕಂಡು ಅತ್ತಳು. ಆದರೆ ಮಾತಿಲ್ಲ. ಮಾತಾಡುವುದಿರಲಿ, ಬೇರೆಯವರು ಆಡಿದ ಮಾತು ಅರ್ಥವಾಗುವಂತೆಯೂ ಕಾಣಲಿಲ್ಲ. ನೀರು ಬೇಕಾ ಅಂದರೆ ಕೇಳಿದವರ ತುಟಿಯನ್ನೇ ನೋಡುವಳು. ಲೋಟ ತೋರಿಸಿದರೆ ತಲೆಯಾಡಿಸುವಳು.

ಡಾಕ್ಟರ್ ದೊಡ್ಡ ಸಿಸ್ಟರನ್ನೂ ಆಯ್ತಕ್ಕನ ಗಂಡನನ್ನೂ ಹೊರಗೆ ಕರೆದು ಹೇಳಿದರು: "ಮಿದುಳಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ. ಕಿವಿಗೆ ಕೇಳಿಸುತ್ತೆ. ಕಣ್ಣಿಗೆ ಅಕ್ಷರ ಕಾಣುತ್ತೆ. ಆದ್ರೆ ಯಾವುದೋ ಗೊತ್ತಿಲ್ಲದ ದೇಶದ ಭಾಷೆ ಕೇಳಿದ ಹಾಗೆ ಆಗುತ್ತೆ ಅವರಿಗೆ. ಸ್ವಲ್ಪ ಸ್ವಲ್ಪ ವಾಪಸು ಬರಬಹುದು. ಎಷ್ಟು ಬರುತ್ತೆ ಅಂತ ನಾನು ಹೇಳಲಾರೆ."

ಗಂಡ ಬಸ್ ಡ್ರೈವರ್. ಡ್ಯೂಟಿಯಿಂದ ನೇರ ಖಾಕಿ ಅಂಗಿಯಲ್ಲೇ ಬರುತ್ತಿದ್ದ, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಸ್ಟೇರಿಂಗ್ ಹಿಡಿದವನ ಹಾಗೆ ಎರಡೂ ಕೈ ಮುಂದಿಟ್ಟುಕೊಂಡು ಕೂರುತ್ತಿದ್ದ. ಮಿತಭಾಷಿ. ಒಂದು ಸಂಜೆ ದೊಡ್ಡ ಸಿಸ್ಟರ್ ಡ್ಯೂಟಿ ಮುಗಿಸಿ ಹೊರಟಾಗ ಅವನು ಮೆಟ್ಟಿಲ ತನಕ ಹಿಂದೆಯೇ ಬಂದ.

"ಸಿಸ್ಟರ್, ಒಂದು ಮಾತು ಕೇಳಬೇಕಿತ್ತು. ಬೇಜಾರು ಮಾಡ್ಕೋಬೇಡಿ."

"ಕೇಳಪ್ಪ."

"ಇವಳಿಂದ ಕೆಲಸದಲ್ಲಿ ಏನಾದ್ರೂ ತಪ್ಪಾಗಿತ್ತಾ?"

ದೊಡ್ಡ ಸಿಸ್ಟರ್ ಮೆಟ್ಟಿಲ ಪಕ್ಕದ ಸರಳು ಹಿಡಿದುಕೊಂಡರು.

"ಯಾಕೆ ಹಾಗೆ ಕೇಳ್ತಿದೀಯ?"

"ಏನಿಲ್ಲ… ನೀವು ಎಲ್ಲರಿಗೂ ಏನೋ ಒಳ್ಳೇ ಮಾತು ಬರೆದು ಕಳಿಸ್ತಿದ್ರಂತಲ್ಲ. ಮೊದಮೊದಲು ಬಂದು ನಗ್ತಾ ಹೇಳೋಳು. ಇವತ್ತು ಅವಳಿಗೆ ಬಂತು, ನಾಳೆ ನಂಗೇ ಬರಬೇಕು ಅಂತ. ಬೆಳಗ್ಗೆ ಎದ್ದ ಕೂಡಲೇ ಫೋನ್ ನೋಡೋಳು. ಆಮೇಲಾಮೇಲೆ ಹೇಳೋದು ಬಿಟ್ಟಳು. ನೋಡೋದು ಮಾತ್ರ ಬಿಡಲಿಲ್ಲ. ಒಂದಿನ ನಾನೇ ಕೇಳ್ದೆ. 'ನಾನೇನೋ ತಪ್ಪು ಮಾಡಿದೀನಿ ಅನ್ಸುತ್ತೆ ಕಣ್ರೀ, ಏನು ಅಂತ ಗೊತ್ತಾಗ್ತಿಲ್ಲ' ಅಂದಳು." ಅವನು ತಲೆ ತಗ್ಗಿಸಿದ. "ನಿಮ್ಮನ್ನ ದೂರೋಕೆ ಕೇಳ್ತಿಲ್ಲ. ತಪ್ಪು ಏನು ಅಂತ ಗೊತ್ತಾದ್ರೆ… ನಂಗೆ ಗೊತ್ತಿರಲಿ ಅಂತ."

ಸಂಜೆ ಹೊತ್ತಿನ ಜನ ಮೆಟ್ಟಿಲ ಮೇಲೆ ಹತ್ತಿ ಇಳಿಯುತ್ತಿದ್ದರು. ದೊಡ್ಡ ಸಿಸ್ಟರ್ ಗೋಡೆಗೆ ಒರಗಿದರು.

"ತಪ್ಪು ಅವಳದ್ದಲ್ಲಪ್ಪ," ಅಂದರು. ದನಿ ಅವರದ್ದೇ ಅನ್ನಿಸಲಿಲ್ಲ. "ಎಲ್ಲರಿಗಿಂತ ಚೆನ್ನಾಗಿ ಬರೀಬೇಕು ಅಂತ ಮುಂದೆ ಹಾಕ್ತಾ ಬಂದೆ. ಅವಳಿಗೆ ಬೇಕಾಗಿರಲ್ಲ ಅಂದ್ಕೊಂಡೆ. ಅವಳು ಎಲ್ಲರಿಗೂ ಕೊಡೋಳು, ಅವಳಿಗೆ ಬೇಕು ಅಂತ ನಂಗೆ ಹೊಳೀಲೇ ಇಲ್ಲ." ಆಮೇಲೆ ಬರೆದು ಬರೆದು ಅಳಿಸಿದ್ದನ್ನೆಲ್ಲ ಅವನಿಗೆ ಹೇಳಿದರು. ಅಂಗೈ ಉಜ್ಜಿಕೊಳ್ಳುವುದು, ಸತ್ತವರ ಹತ್ತಿರ ಮಾತಾಡುವುದು, ಯಾರ ಮನೆಯವರಾದರೂ ಕಾರಿಡಾರಿನಲ್ಲಿ ಕೂತು ಅಳುತ್ತಿದ್ದರೆ ಏನೂ ಹೇಳದೆ ನೀರು ತಂದಿಟ್ಟು ಪಕ್ಕದಲ್ಲಿ ನಿಲ್ಲುವುದು, ಎಲ್ಲ.

ಅವನು ಪೂರ್ತಿ ಕೇಳಿದ. ಖಾಕಿ ತೋಳಿನಿಂದ ಮುಖ ಒರೆಸಿಕೊಂಡ. "ಇದನ್ನ ಅವಳಿಗೆ…" ಅಂದವನು ಅಲ್ಲಿಗೇ ನಿಲ್ಲಿಸಿ, "ಬರ್ತೀನಿ ಸಿಸ್ಟರ್, ಒಬ್ಬಳೇ ಇದಾಳೆ," ಅಂತ ಮೇಲೆ ಹತ್ತಿಹೋದ.

ಮಾರನೇ ಬೆಳಗ್ಗೆ ದೊಡ್ಡ ಸಿಸ್ಟರ್ ಬರೆದೇಬಿಟ್ಟರು. ಈ ಸಲ ಏನನ್ನೂ ಅಳಿಸಲಿಲ್ಲ. ಆಯ್ತಕ್ಕನ ಹಾಸಿಗೆಯ ಎದುರಿಗೇ ನಿಂತು ಕಳಿಸಿದರು. ಪಕ್ಕದ ಮೇಜಿನ ಮೇಲಿದ್ದ ಅವಳ ಫೋನು ಗುರ್ರೆಂದು ಬೆಳಗಿತು. ಆಯ್ತಕ್ಕ ಎಡಗೈ ಚಾಚಿ ಅದನ್ನು ಎತ್ತಿಕೊಂಡಳು. ಬೆಳಕನ್ನು ನೋಡಿದಳು. ಅಕ್ಷರಗಳ ಮೇಲೆ ಕಣ್ಣು ಹೋಯಿತು, ಬಂತು. ಅಕ್ಷರ ಕಲಿಯದ ಮಗು ದೊಡ್ಡವರ ಪುಸ್ತಕ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿದಳು. ದೊಡ್ಡ ಸಿಸ್ಟರ್ ಹತ್ತಿರ ಬಗ್ಗಿ, ತಾವೇ ಓದಿ ಹೇಳಿದರು. ಬಿಡದೆ ಕೊನೆಯ ತನಕ ಓದಿದರು.

ಆಯ್ತಕ್ಕ ಅವರ ತುಟಿಗಳನ್ನೇ ನೋಡುತ್ತಿದ್ದಳು. ಮುಗಿದದ್ದು ಗೊತ್ತಾಗಿ, ಏನೋ ಹೇಳಬೇಕು ಅಂತ ಬಾಯಿ ತೆರೆದಳು. ಪ್ರಯಾಸದಿಂದ, ಓರೆಯಾದ ತುಟಿಯಿಂದ, ಕಾಯಿಲೆ ಬಿದ್ದ ಮೇಲೆ ಮೊದಲ ಮಾತು ಬಂತು.

"ಆಯ್ತಕ್ಕ."

ಆಮೇಲೆ ಗೊತ್ತಾಯಿತು, ಅವಳಲ್ಲಿ ಉಳಿದಿದ್ದ ಮಾತು ಅದೊಂದೇ. ನೋವಿಗೂ ಅದೇ, ನೀರಿಗೂ ಅದೇ, ಗಂಡನನ್ನು ಕರೆಯುವುದಕ್ಕೂ ಅದೇ. ಡಾಕ್ಟರ್ ಹೇಳಿದರು, ಜನ್ಮವಿಡೀ ಆಡಿ ಆಡಿ ಸವೆದ ಮಾತು ಕೆಲವೊಮ್ಮೆ ಹಾಗೆ ಉಳಿದುಬಿಡುತ್ತದೆ ಅಂತ. ಆವತ್ತು ಬಟ್ಟೆ ಕೋಣೆಯಲ್ಲಿ ದಿಂಬುಗಳ ಮಧ್ಯೆ ಮುಖ ಹುದುಗಿಸಿಕೊಂಡು ಅತ್ತವರು ದೊಡ್ಡ ಸಿಸ್ಟರ್. ಪುಟ್ಟಿ ಬಾಗಿಲು ತೆರೆದು ನೋಡಿ, ಸದ್ದಿಲ್ಲದೆ ಮುಚ್ಚಿ, ಹೊರಗೆ ಕಾವಲು ನಿಂತಳು.

ಮುಂದಿನ ಸಭೆಯಲ್ಲಿ ಮೇಡಂ ಈ ವಾರ್ಡಿನ ಮೆಸೇಜುಗಳನ್ನು ಎಲ್ಲರೆದುರು ಮೆಚ್ಚಿ ಮಾತಾಡಿದರು. ಉಳಿದ ವಾರ್ಡಿನವರೂ ಹೀಗೇ ಮಾಡಬೇಕು ಅಂದರು. ದೊಡ್ಡ ಸಿಸ್ಟರ್ ಎದ್ದು ನಿಂತರು.

"ಮಾಡಲಿ ಮೇಡಂ. ನಾನೂ ಬಿಡಲ್ಲ. ಒಳ್ಳೇ ಮಾತು ಬೇಡ ಅನ್ನೋರು ಯಾರೂ ಇಲ್ಲ ಅಂತ ನಂಗೆ ತಡವಾಗಿ ಗೊತ್ತಾಯ್ತು. ಆದ್ರೆ ಆ ನಮ್ಮ ಹುಡುಗಿಗೆ ಮಾತೊಂದೇ ಬೇಕಾಗಿದ್ದಲ್ಲ. ರಜಾ ಬೇಕಿತ್ತು. ತಲೆನೋವು ಅಂತ ಹಣೆ ಒತ್ತಿಕೊಂಡು ಬಂದಾಗ ಕೂತ್ಕೋ ಅನ್ನೋರು ಬೇಕಿತ್ತು. ನಾನು ಅದನ್ನೂ ಕೊಡಲಿಲ್ಲ, ಇದನ್ನೂ ಕೊಡಲಿಲ್ಲ. ಇನ್ಮೇಲೆ ನನ್ನ ವಾರ್ಡಲ್ಲಿ ಯಾರನ್ನೂ ಒಂದರ ಹಿಂದೆ ಒಂದು ಶಿಫ್ಟ್ ನಿಲ್ಲಿಸಲ್ಲ. ಜನ ಕಡಿಮೆ ಬಿದ್ರೆ ಬೆಡ್ ಖಾಲಿ ಇಡಿ. ನನ್ನನ್ನ ಏನು ಮಾಡ್ತೀರೋ ಮಾಡಿ."

ಮೇಡಂ ಏನೂ ಮಾಡಲಿಲ್ಲ. ಬೆಡ್ ಖಾಲಿ ಇಡುವುದಕ್ಕೆ ಮೇಲಿನವರು ಒಪ್ಪಲಿಲ್ಲ. ಜನ ಕಡಿಮೆ ಬಿದ್ದ ದಿನ ದೊಡ್ಡ ಸಿಸ್ಟರೇ ಇಬ್ಬರ ಕೆಲಸ ಮಾಡಿದರು. ವಾರಕ್ಕೊಮ್ಮೆ ಎಲ್ಲ ನರ್ಸುಗಳನ್ನೂ ಸಾಲಾಗಿ ಕೂರಿಸಿ ಬಿಪಿ ನೋಡುವುದು ಮಾತ್ರ ನಿಲ್ಲಲಿಲ್ಲ. "ನಿಮ್ಮದನ್ನ ಯಾರು ನೋಡ್ತಾರೆ ಸಿಸ್ಟರ್?" ಅಂತ ಪುಟ್ಟಿ ಅವರ ತೋಳು ಹಿಡಿದು ಪಟ್ಟಿ ಸುತ್ತುತ್ತಿದ್ದಳು.

ಆಯ್ತಕ್ಕ ಮನೆಗೆ ಹೋದಳು. ಇನ್ನು ನರ್ಸ್ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ದೊಡ್ಡ ಸಿಸ್ಟರ್ ರಜೆ ಸಿಕ್ಕ ದಿನ ಬಸ್ಸು ಹತ್ತಿ ಹೋಗುತ್ತಿದ್ದರು. ಎರಡು ಕೋಣೆಯ ಮನೆ. ಗಂಡ ಡ್ಯೂಟಿಗೆ ಹೋದಾಗ ಪಕ್ಕದ ಮನೆಯವರು ಆಗಾಗ ಬಂದು ನೋಡುತ್ತಿದ್ದರು. ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟಾಯಿತು. ಒಂದೆರಡು ಮಾತು ಅರ್ಥವಾಗುತ್ತವೆ ಅಂತ ಗಂಡ ಹೇಳುತ್ತಿದ್ದ: "ಬಾ", "ಬೇಡ", ಮತ್ತೆ ಅವನ ಬಸ್ಸಿನ ಹಾರ್ನು. ಓದು ಬರಲಿಲ್ಲ.

ಹೋದಾಗಲೆಲ್ಲ ದೊಡ್ಡ ಸಿಸ್ಟರ್ ಅದೇ ಮಾತುಗಳನ್ನು ಮತ್ತೆ ಹೇಳುತ್ತಿದ್ದರು. ಯಾವತ್ತಾದರೂ ಒಂದಿನ ಒಳಗೆ ಇಳಿದೀತು ಅನ್ನುವ ಆಸೆ. ನೀನು ತಪ್ಪು ಮಾಡಿಲ್ಲ ಕಣೇ, ನಿನ್ನಂಥ ನರ್ಸನ್ನ ನಾನು ನೋಡಿಲ್ಲ. ನಿಧಾನವಾಗಿ ಹೇಳುವರು, ಕೈಸನ್ನೆ ಮಾಡಿ ಹೇಳುವರು. ಆಯ್ತಕ್ಕ ಹುಬ್ಬು ಗಂಟಿಕ್ಕಿ, ಪರೀಕ್ಷೆಗೆ ಕೂತವಳ ಹಾಗೆ ಕೇಳುವಳು. ಹಿಡಿಯಲು ಹೋದದ್ದು ಜಾರಿ ಜಾರಿ ಹೋಗುತ್ತಿರುವುದು ಅವಳ ಮುಖದಲ್ಲೇ ಕಾಣುತ್ತಿತ್ತು.

ಒಂದು ದಿನ ಹಾಗೆ ಹೇಳುತ್ತಿದ್ದಾಗ ಆಯ್ತಕ್ಕ ಎಡಗೈ ಎತ್ತಿ ದೊಡ್ಡ ಸಿಸ್ಟರ ಬಾಯಿಯ ಮೇಲೆ ಇಟ್ಟಳು. ಸಿಟ್ಟಿರಲಿಲ್ಲ. ಕಣ್ಣುಗಳು ದಣಿದಿದ್ದವು, ಅಷ್ಟೇ. ಮಾತು ಕೇಳುವುದೇ ಅವಳಿಗೆ ಆಯಾಸವಾಗಿತ್ತು.

ದೊಡ್ಡ ಸಿಸ್ಟರ್ ತಲೆಯಾಡಿಸಿದರು. ಸುಮ್ಮನಾದರು. ಅವಳ ಎಡಗೈ ಕೆಳಗಿಳಿಸುವಾಗ ನೋಡಿದರೆ, ಮಡಿಲಲ್ಲಿದ್ದ ಸ್ವಾಧೀನವಿಲ್ಲದ ಬಲಗೈಯ ಉಗುರುಗಳು ಬೆಳೆದು ಅಂಗೈಗೆ ಚುಚ್ಚುತ್ತಿದ್ದವು. ಮುಷ್ಟಿ ಬಿಗಿದುಕೊಂಡ ಕೈ, ಬೇರೆಯವರಿಗೆ ಕತ್ತರಿಸಲು ಭಯವಾಗಿರಬೇಕು. ಒಳಗಿಂದ ಒಂದು ಬೋಗುಣಿಯಲ್ಲಿ ಬೆಚ್ಚನೆಯ ನೀರು ತಂದರು. ಆ ಕೈಯನ್ನು ಅದರಲ್ಲಿ ನೆನೆಯಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಟವೆಲಿನಿಂದ ಒರೆಸಿ, ಮಡಿಲಲ್ಲಿಟ್ಟುಕೊಂಡು ಉಗುರು ಕತ್ತರಿಸತೊಡಗಿದರು. ಆಯ್ತಕ್ಕ ಮೊದಲು ನೋಡುತ್ತಿದ್ದಳು. ಆಮೇಲೆ ಕುರ್ಚಿಯ ಬೆನ್ನಿಗೆ ತಲೆ ಒರಗಿಸಿದಳು. ಕಿರುಬೆರಳಿಗೆ ಬರುವಷ್ಟರಲ್ಲಿ ನಿದ್ದೆ ಹತ್ತಿತ್ತು.

ಹೊರಗೆ ಬೀದಿಯಲ್ಲಿ ಸ್ಕೂಲು ಬಿಟ್ಟ ಮಕ್ಕಳ ಗಲಾಟೆ ಎದ್ದು ಅಡಗಿತು. ಕೈ ಎಳೆದುಕೊಂಡರೆ ಎಚ್ಚರವಾದಾಳು ಅಂತ ದೊಡ್ಡ ಸಿಸ್ಟರ್ ಹಾಗೇ ಕೂತರು. ಬೋಗುಣಿಯ ನೀರು ತಣ್ಣಗಾಗುತ್ತಾ ಇತ್ತು.